ಬಲೆ ಅವಳಿಗೆ, ಹೆಲ್ಮೆಟ್ ನನಗೆ

ಜನವರಿ 13, ಸೋಮವಾರ, ಬೆಳಗ್ಗೆ 9 ಗಂಟೆ 10 ನಿಮಿಷ. ಕಾಕಿ ಬುಕಿಟ್‌ನ ಗೋದಾಮು ಕಟ್ಟಡವೊಂದರ ನಾಲ್ಕನೇ ಮಹಡಿ. ನೆಲದ ಮೇಲೆ ಹದಿನಾರು ರಬ್ಬರ್ ಮ್ಯಾಟ್‌, ನಡುವೆ ಆಳೆತ್ತರದ ಒಂದು ಮರದ ಕಂಬ, ನಾವು ನಾಲ್ವರು, ಕೋಚ್ ಒಬ್ಬರು. ನನ್ನ ನೋಟ್‌ಬುಕ್‌ನ ಮೊದಲ ಸಾಲು ಇಷ್ಟೇ ಇದೆ.

ನಮ್ಮ ಕಂಪನಿ ಶಾಲಾ ಮಕ್ಕಳಿಗಾಗಿ ಪ್ರದರ್ಶನಗಳನ್ನು ಮಾಡುತ್ತದೆ. ಚರಿತ್ರೆಯ ಒಂದು ವಿಷಯ ಹಿಡಿದು ಅದನ್ನು ಕಣ್ಣೆದುರು ಆಡಿ ತೋರಿಸುವುದು ನಮ್ಮ ಕೆಲಸ. ಮಾರ್ಚ್ ರಜೆಗೆ ಒಪ್ಪಿಕೊಂಡಿದ್ದ ವಿಷಯ ರೋಮ್‌ನ ಗ್ಲಾಡಿಯೇಟರ್‌ಗಳು. ಅವರನ್ನು ಹೇಗೆ ಆರಿಸುತ್ತಿದ್ದರು, ಯಾವ ಶೈಲಿಯ ಕಾಳಗಕ್ಕೆ ಯಾರನ್ನು ಹೇಗೆ ತಯಾರು ಮಾಡುತ್ತಿದ್ದರು ಎಂಬುದನ್ನು ತೋರಿಸಬೇಕು. ಒಂಬತ್ತು ದಿನ, ದಿನಕ್ಕೆ ಎರಡು, ಒಟ್ಟು ಹದಿನೆಂಟು ಪ್ರದರ್ಶನ. ಸ್ಕ್ರಿಪ್ಟ್ ಬರೆದವಳು ನಾನು, ಮೂವತ್ತೊಂದು ಪುಟ. ಬರೆಯುವಾಗಲೇ ಅದರಲ್ಲಿ ಒಂದು ಪಾತ್ರವನ್ನು ನನಗೆಂದು ಎತ್ತಿಟ್ಟುಕೊಂಡಿದ್ದೆ. ಬಲೆಗಾರ, ಲ್ಯಾಟಿನ್‌ನಲ್ಲಿ ರೆಟಿಯಾರಿಯಸ್. ಒಂದು ಕೈಯಲ್ಲಿ ಬಲೆ, ಇನ್ನೊಂದರಲ್ಲಿ ತ್ರಿಶೂಲ, ಸೊಂಟದಲ್ಲಿ ಸಣ್ಣ ಚೂರಿ. ತಲೆಗೆ ಏನೂ ಇಲ್ಲ. ಗ್ಲಾಡಿಯೇಟರ್‌ಗಳ ಮುಖ್ಯ ಶೈಲಿಗಳಲ್ಲಿ ಮುಖ ಮುಚ್ಚದೆ ಕಾದುವವನು ಅವನೊಬ್ಬನೇ. ಈ ಆಸೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾಲ್ವರಲ್ಲಿ ಇಬ್ಬರು ಹುಡುಗರು, ನನ್ನ ಹಳೆಯ ಸಹೋದ್ಯೋಗಿಗಳು. ನಾಲ್ಕನೆಯವಳು ಹೊಸಬಳು, ಪುಂಗೋಲ್‌ನವಳು. ಅವಳ ಅಮ್ಮನೂ ನನ್ನ ಅಮ್ಮನೂ ಶನಿವಾರದ ಭಜನೆಯಲ್ಲಿ ಗೆಳತಿಯರಾದವರು. “ಪಾಪ, ಡಿಗ್ರಿ ಮುಗಿಸಿ ಮನೇಲೇ ಕೂತಿದೆ ಮಗು, ನಿಮ್ಮ ಆಫೀಸಲ್ಲಿ ಒಂದು ಮಾತು ಹೇಳೇ” ಎಂದು ಅಮ್ಮ ನಾಲ್ಕು ಸಲ ಹೇಳಿದ ಮೇಲೆ ನಾನೇ ಮ್ಯಾನೇಜರ್‌ಗೆ ಹೇಳಿ ಅವಳನ್ನು ಸೇರಿಸಿದ್ದೆ. ನನಗಿಂತ ಮೂರು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು.

ಕೋಚ್ ಮೊದಲು ಕತ್ತಿವರಸೆಯ ಆಟಗಾರ, ಈಗ ನಾಟಕ, ಸಿನಿಮಾಗಳಿಗೆ ಕಾಳಗ ಕಲಿಸುವವರು. ಅವರು ಮಾತಾಡುವುದು ಇಂಗ್ಲಿಷ್‌ನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಮಾತ್ರ ಅವರದೇ.

“ರೋಮ್‌ನಲ್ಲಿ ಗ್ಲಾಡಿಯೇಟರ್ ಆಗುತ್ತಿದ್ದದ್ದು ಯಾರು? ಯುದ್ಧದಲ್ಲಿ ಸೆರೆ ಸಿಕ್ಕವರು, ಗುಲಾಮರು, ಶಿಕ್ಷೆಯಾದ ಅಪರಾಧಿಗಳು. ಇನ್ನೂ ಒಂದು ಜಾತಿ ಇತ್ತು, ತಾವಾಗಿಯೇ ಬಂದು ಕರಾರಿಗೆ ಒಪ್ಪಿ ಪ್ರಮಾಣ ಮಾಡಿ ಸೇರಿದವರು. ಸುಡಿ, ಕಟ್ಟಿ, ಹೊಡೆಯಿರಿ, ಕೊಲ್ಲಿ, ಒಪ್ಪಿದ್ದೇನೆ ಅಂತ. ನೀವು ಆ ಜಾತಿ ಲಾ. ಸಹಿ ಹಾಕಿದ್ದೀರಿ.”

ಹಾಗೆ ಹೇಳಿ ಒಂದೊಂದು ಫಾರ್ಮ್ ಕೊಟ್ಟರು. ಎತ್ತರ, ತೂಕ, ಹಳೆಯ ಗಾಯ, ಯಾವ ಕೈ. ನಾನು ಬರೆದೆ: 158 ಸೆಂಟಿಮೀಟರ್, 54 ಕಿಲೋ, ಇಲ್ಲ, ಬಲ. ಕೊನೆಯ ಉತ್ತರವನ್ನು ಬರೆಯಲು ಒಂದು ಕ್ಷಣವೂ ಯೋಚಿಸಲಿಲ್ಲ.

ಎರಡು ದಿನ ಪರೀಕ್ಷೆ ನಡೆಯಿತು. ಚಾಚಿದ ತೋಳಿನ ಅಳತೆ. ಮರದ ಕತ್ತಿಯಿಂದ ಕಂಬಕ್ಕೆ ನೂರು ಏಟು. ಕಂಬದ ಮೇಲೆ ಸುಣ್ಣದಲ್ಲಿ ಗುರುತು ಮಾಡಿದ್ದ ಐದು ಜಾಗಗಳಲ್ಲಿ ಎಷ್ಟು ತಗುಲಿದವು ಎಂಬ ಎಣಿಕೆ. ಓಡಿ ನಿಂತ ಮೇಲೆ ಉಸಿರು ಹತೋಟಿಗೆ ಬರಲು ಎಷ್ಟು ಹೊತ್ತು. ರೋಮ್‌ನ ಗ್ಲಾಡಿಯೇಟರ್ ಶಾಲೆಗಳಲ್ಲಿಯೂ ಹೀಗೆ ಕಂಬ ಇರುತ್ತಿತ್ತು, ಮರದ ಆಯುಧಗಳಲ್ಲೇ ಅಭ್ಯಾಸ. ಆ ಮರದ ಕತ್ತಿಗಳು ನಿಜದವಕ್ಕಿಂತ ಭಾರವಿದ್ದಿರಬೇಕು ಎನ್ನುತ್ತಾರೆ, ಸೈನಿಕರ ಅಭ್ಯಾಸದ ಕತ್ತಿಗಳು ಹಾಗಿದ್ದವಂತೆ. ಕೋಚ್ ನಮ್ಮ ಕತ್ತಿಗಳ ಹಿಡಿಕೆಯೊಳಗೆ ಸೀಸ ತುಂಬಿಸಿದ್ದರು. ಕೊನೆಗೆ ಒಬ್ಬೊಬ್ಬರೂ ಕಂಬಕ್ಕೆ ಇಪ್ಪತ್ತು ಸಲ ಬಲೆ ಎಸೆಯಬೇಕು. ಬಲೆ ದುಂಡಗೆ, ಅಗಲ ಮೂರು ಮೀಟರ್, ಅಂಚಿನ ಸುತ್ತ ಮರಳಿನ ಪುಟ್ಟ ಚೀಲಗಳು, ಎಳೆದುಕೊಳ್ಳಲು ಮಣಿಕಟ್ಟಿಗೆ ಕಟ್ಟಿದ ಒಂದು ಹಗ್ಗ. ನನ್ನದು ಇಪ್ಪತ್ತರಲ್ಲಿ ನಾಲ್ಕು. ಅವಳದು ಒಂಬತ್ತು.

ಜನವರಿ 15ರ ಬೆಳಗ್ಗೆ ಕೋಚ್ ಜೋಡಿಗಳನ್ನು ಓದಿದರು. ದೊಡ್ಡ ಗುರಾಣಿಯ ಮುರ್ಮಿಲ್ಲೊ, ಬಾಗಿದ ಕತ್ತಿಯ ಥ್ರೇಸಿಯನ್, ಇವರಿಬ್ಬರೂ ಹುಡುಗರು. ಇನ್ನೊಂದು ಜೋಡಿಯಲ್ಲಿ ಬಲೆ ಅವಳಿಗೆ, ಸೆಕ್ಯುಟರ್ ನಾನು. ಸೆಕ್ಯುಟರ್ ಎಂದರೆ ಬೆನ್ನಟ್ಟುವವನು. ಬಲೆಗಾರನನ್ನು ಎದುರಿಸಲೆಂದೇ ಮಾಡಿದ ಶೈಲಿ. ಬಲೆ ಸಿಕ್ಕಿಕೊಳ್ಳಬಾರದೆಂದು ಮೊಟ್ಟೆಯಂತೆ ನುಣುಪಾದ ಹೆಲ್ಮೆಟ್. ತ್ರಿಶೂಲದ ಮೊನೆ ಒಳಗೆ ನುಗ್ಗಬಾರದೆಂದು ಕಣ್ಣಿಗೆ ಎರಡು ಸಣ್ಣ ತೂತು.

“ಯಾಕೆ ನಾನು?” ಎಂದು ಕೇಳಿದೆ. ಸ್ವರ ಸ್ವಲ್ಪ ಏರಿದ್ದಿರಬೇಕು, ಹುಡುಗರು ತಿರುಗಿ ನೋಡಿದರು.

“ನೀನು ನಿಲ್ಲೋದೇ ಇಲ್ಲ, ಮುಂದೆ ಮುಂದೆ ಬರ್ತೀಯ. ಅವಳು ಕಾಯ್ತಾಳೆ. ಬಲೆ ಕಾಯುವವರಿಗೆ ಲಾ. ಮತ್ತೆ ನಿನ್ನ ನಾಲ್ಕು, ಅವಳ ಒಂಬತ್ತು. ನೀನೇ ಬರ್ಕೊಂಡಿದ್ದೀಯಲ್ಲ?”

ಬರೆದುಕೊಂಡಿದ್ದೆ. ಲೆಕ್ಕ ನನ್ನ ಕೈಬರಹದಲ್ಲೇ ಇತ್ತು.

ಆ ದಿನದಿಂದ ನೋಟ್‌ಬುಕ್‌ನಲ್ಲಿ ಎರಡು ಭಾಗವಾಯಿತು. ಎಡಪುಟ ನನ್ನದು, ಬಲಪುಟ ಅವಳದು. ಅವಳು ಎಸೆದ ಬಲೆ ಎಷ್ಟು, ಬಿದ್ದದ್ದೆಷ್ಟು, ದಿನವೂ ಬರೆದೆ. ಕೋಚ್ ಕೇಳಿರಲಿಲ್ಲ. ಅವಳ ಸಂಖ್ಯೆ ಇಳಿದ ದಿನ ನನಗೆ ಊಟ ರುಚಿಸುತ್ತಿತ್ತು ಎಂಬುದನ್ನು ಮಾತ್ರ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಸಂಖ್ಯೆ ಇಳಿದ ದಿನಗಳು ಕಡಿಮೆ. ಜನವರಿ 16ಕ್ಕೆ ಒಂಬತ್ತು, 20ಕ್ಕೆ ಹನ್ನೊಂದು, 24ಕ್ಕೆ ಹನ್ನೆರಡು.

ನನ್ನ ಹೆಲ್ಮೆಟ್ ಮಾಡಿದವರು ಸೆಂಬವಾಂಗ್‌ನಲ್ಲಿ ನಮ್ಮ ಬ್ಲಾಕ್‌ನಲ್ಲೇ ಇರುವ ಒಬ್ಬ ಅಂಕಲ್, ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ವೆಲ್ಡರ್ ಆಗಿದ್ದವರು. ತಲೆಯ ಸುತ್ತಳತೆ ತೆಗೆದುಕೊಂಡು, “ಹುಡುಗಿ, ಇದರೊಳಗೆ ಹೋದ್ರೆ ಹೊರಗೆ ಬರೋ ದಾರಿ ಕೇಳ್ಕೊಂಡು ಹೋಗು” ಎಂದು ನಕ್ಕಿದ್ದರು. ತೂಕ ಮೂರು ಕಿಲೋ ಎಂಟುನೂರು ಗ್ರಾಂ. ಒಳಗೆ ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಸರಿಯಾಗಿ ಕೇಳುವುದಿಲ್ಲ. ಪಾದ ಕಾಣುವುದಿಲ್ಲ. ಐದು ನಿಮಿಷಕ್ಕೆ ಗಾಳಿ ಸಾಲದಾಗುತ್ತದೆ. ಬಲೆಗಾರನ ಉಪಾಯವೂ ಅದೇ. ಸೆಕ್ಯುಟರ್ ದಣಿಯುವವರೆಗೆ ಸುತ್ತುತ್ತಾ ಇರುವುದು. ಸೆಕ್ಯುಟರ್‌ನ ಉಪಾಯ, ದಣಿಯುವ ಮೊದಲೇ ಹತ್ತಿರ ನುಗ್ಗಿ ಮುಗಿಸುವುದು. ಇಬ್ಬರ ಬಲ ಇಬ್ಬರ ದೌರ್ಬಲ್ಯಕ್ಕೆ ಸರಿಯಾಗಿ ಎದುರು ನಿಲ್ಲುವಂತೆ ಹೊಂದಿಸಿದ ಜೋಡಿ.

ಜನವರಿ 24ರಂದು ಮ್ಯಾನೇಜರ್ ವೆಬ್‌ಸೈಟ್‌ಗೆ ಫೋಟೊ ತೆಗೆಸಿದರು. ಮನೆಯಲ್ಲಿ ಅಮ್ಮನಿಗೆ ತೋರಿಸಿದೆ.

“ಅಯ್ಯೋ, ತ್ರಿಶೂಲ ಹಿಡ್ಕೊಂಡು ಎಷ್ಟು ಲಕ್ಷಣವಾಗಿ ಕಾಣ್ತಾಳೆ ನೋಡು. ಚಾಮುಂಡಿ ಹಾಗೇ ಇದಾಳೆ. ನೀನೆಲ್ಲೇ?”

“ಪಕ್ಕದಲ್ಲಿ.”

“ಈ ಡಬ್ಬದ ಒಳಗಾ?”

“ಹೂಂ.”

“ಉಸಿರಾಡಕ್ಕೆ ಆಗತ್ತೇನೇ?” ಎಂದು ಕೇಳಿದ ಅಮ್ಮ ನನ್ನ ಉತ್ತರ ಕಾಯದೆ ಅವಳ ಫೋಟೊವನ್ನು ಅವಳ ಅಮ್ಮನಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಅದು ಅವರ ಹತ್ತಿರ ಇದ್ದೇ ಇತ್ತು.

ಊಟದಲ್ಲೂ ಸೋತೆ. ಗ್ಲಾಡಿಯೇಟರ್‌ಗಳನ್ನು ರೋಮನ್ನರು ಬಾರ್ಲಿ ತಿನ್ನುವವರು ಎಂದು ಕರೆಯುತ್ತಿದ್ದರು. ಬಾರ್ಲಿ, ಕಾಳು, ಇದೇ ಅವರ ಮುಖ್ಯ ಆಹಾರ. ಒಂದು ವಾರ ನಾವೂ ಅದನ್ನೇ ತಿಂದು ನೋಡೋಣ ಎಂದು ಕೋಚ್ ಹೇಳಿದಾಗ ನಾನು ಬಾರ್ಲಿ ಉಪ್ಪಿಟ್ಟು ಒಯ್ದೆ. ಅವಳು ಲಿಟಲ್ ಇಂಡಿಯಾದಿಂದ ಅವರೆಕಾಳು ತಂದು ಬಾರ್ಲಿ ಬಿಸಿಬೇಳೆಬಾತ್ ಮಾಡಿಸಿಕೊಂಡು ಬಂದಳು. ಹುಡುಗರು ಮೂರು ಮೂರು ಸಲ ಬಡಿಸಿಕೊಂಡರು. ನನ್ನ ಡಬ್ಬ ಮುಕ್ಕಾಲು ಹಾಗೇ ಮನೆಗೆ ಬಂತು.

“ಅಕ್ಕ, ನಿಮ್ಮ ಉಪ್ಪಿಟ್ಟು ನಂಗೆ ಇಷ್ಟ ಆಯ್ತು” ಎಂದಳು ಅವಳು. ಅದು ಇನ್ನೂ ಉರಿಸಿತು.

ಚೀನೀ ಹೊಸ ವರ್ಷದ ರಜೆ ಮುಗಿಸಿ ಬಂದಾಗಲೂ ಅವಳ ಕೈ ಕೆಟ್ಟಿರಲಿಲ್ಲ. ಫೆಬ್ರವರಿ 10ಕ್ಕೆ ಇಪ್ಪತ್ತರಲ್ಲಿ ಹದಿನಾಲ್ಕು. ಅವಳನ್ನು ಮೀರಬೇಕೆಂದು ಅಂದು ನಾನೊಬ್ಬಳೇ ಉಳಿದು ಕಂಬಕ್ಕೆ ಇನ್ನೂರು ಏಟು ಹೆಚ್ಚು ಹೊಡೆದೆ. ಮಾರನೆ ಬೆಳಗ್ಗೆ ಬಲ ಮಣಿಕಟ್ಟು ಊದಿಕೊಂಡಿತ್ತು. ಕೋಚ್ ನೋಡಿ, “ಇವತ್ತು ಕೂತ್ಕೋ” ಎಂದರು.

ಕೂರಲು ಆಗಲಿಲ್ಲ. ಅವಳು ಎಸೆಯುತ್ತಿದ್ದಾಳೆ, ನಾನು ಕೂತಿದ್ದೇನೆ. ಎದ್ದು ಹೋಗಿ ಮರದ ಕತ್ತಿಯನ್ನು ಎಡಗೈಗೆ ತೆಗೆದುಕೊಂಡೆ. ಕೈ ಜಡವಾಗದಿರಲಿ ಎಂದಷ್ಟೇ ಲೆಕ್ಕ. ನೂರು ಏಟು ಮುಗಿದಾಗ ಸುಣ್ಣದ ಗುರುತು ತಗುಲಿದ್ದು ಎಪ್ಪತ್ತೆಂಟು. ಬಲಗೈಯಲ್ಲಿ ನಾಲ್ಕು ವಾರ ಬೆವರು ಸುರಿಸಿ ಮುಟ್ಟಿದ್ದು ಅರವತ್ತೊಂದು. ತಪ್ಪು ಎಣಿಸಿದೆ ಎಂದುಕೊಂಡು ಮತ್ತೆ ನೂರು ಹೊಡೆದೆ. ಎಪ್ಪತ್ತೊಂಬತ್ತು.

ಕೋಚ್ ಹಿಂದೆ ನಿಂತಿದ್ದರು.

“ಊಟ ಯಾವ ಕೈಯಲ್ಲಿ ಮಾಡ್ತೀಯ?”

“ಬಲಗೈ.”

“ಬರೆಯೋದು?”

“ಬಲಗೈ.”

“ಯಾವಾಗಿಂದ?”

ಆಗ ಅಜ್ಜಿ ನೆನಪಾದರು. ಮೈಸೂರಿನಿಂದ ಬಂದು ನಮ್ಮ ಜೊತೆ ಆರು ವರ್ಷ ಇದ್ದರು. ನಾನು ಎಡಗೈಯಿಂದ ತಟ್ಟೆಗೆ ಕೈ ಹಾಕಿದರೆ “ಆ ಕೈ ಅಲ್ಲ ಪುಟ್ಟಾ” ಎನ್ನುವರು. ಪ್ರಸಾದ ತೆಗೆದುಕೊಳ್ಳುವಾಗ, ಆರತಿ ಮುಟ್ಟುವಾಗ, ಯಾರಿಗಾದರೂ ಏನಾದರೂ ಕೊಡುವಾಗ, ಪೆನ್ಸಿಲ್ ಹಿಡಿದಾಗ, ಅದೇ ಮಾತು. ಗದರಿದವರಲ್ಲ. ಮೆಲ್ಲಗೆ ಕೈ ಬದಲಾಯಿಸುವರು, ಅಷ್ಟೆ. ಶಾಲೆಯಲ್ಲಿ ಟೀಚರ್ ಎಡಗೈ ಇದ್ದರೂ ಪರವಾಗಿಲ್ಲ ಎಂದಿದ್ದರು, ಅಜ್ಜಿ ಮಾತ್ರ ಒಪ್ಪಲಿಲ್ಲ. ಎರಡನೇ ತರಗತಿಗೆ ಬರುವಷ್ಟರಲ್ಲಿ ನಾನು ಪೂರ್ತಿ ಬಲಗೈಯವಳಾಗಿದ್ದೆ. ಹಾಗೆ ಆದದ್ದನ್ನೂ ಮರೆತಿದ್ದೆ.

ಇದನ್ನೆಲ್ಲ ಹೇಳಿದಾಗ ಕೋಚ್ ನಗಲಿಲ್ಲ. “ಫಾರ್ಮ್ ನೋಡಿ ಪಾತ್ರ ಕೊಟ್ಟೆ. ನೀನು ತಪ್ಪು ಕೈಯಲ್ಲಿ ಬಲೆ ಎಸೆದಿದ್ದೀಯ” ಎಂದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ರೋಮ್‌ನವರು ಎಡಗೈಯ ಗ್ಲಾಡಿಯೇಟರ್‌ಗಳನ್ನು ಬೇರೆಯಾಗಿ ಗುರುತಿಸುತ್ತಿದ್ದರಂತೆ, ಶಾಸನಗಳಲ್ಲಿ ಕೆಲವರ ಹೆಸರಿನ ಜೊತೆ ಅದನ್ನೂ ಕೆತ್ತಿದ್ದಾರಂತೆ. ಬಲಗೈಯವರ ಎದುರೇ ಪಳಗಿದವನಿಗೆ ಎಡಗೈಯವನು ಬಂದರೆ ಎಲ್ಲವೂ ತಿರುಗುಮುರುಗು.

“ಪಾತ್ರ ಈಗ ಬದಲಾಯಿಸೋದಿಲ್ಲ. ಕೈ ಬದಲಾಯಿಸ್ತೀನಿ. ಕತ್ತಿ ಎಡಕ್ಕೆ, ಗುರಾಣಿ ಬಲಕ್ಕೆ.”

ಅವರು ಹೋದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ತಪ್ಪು ಕೈಯಲ್ಲಿ ಬಲೆ ಎಸೆದಿದ್ದೀಯ. ಅಂದರೆ ಆ ಬಲೆ ನನ್ನದಾಗಬಹುದಿತ್ತು. ಫಾರ್ಮ್‌ನಲ್ಲಿ ಒಂದು ಪದ ಬೇರೆ ಬರೆದಿದ್ದರೆ ಸಾಕಿತ್ತು. ಅವಳು ನನ್ನ ಜಾಗದಲ್ಲಿ ನಿಂತಿದ್ದಾಳೆ ಎಂದು ಅಲ್ಲಿಯವರೆಗೆ ಹೊಟ್ಟೆಯುರಿಯಷ್ಟೇ ಇತ್ತು, ಈಗ ಅದಕ್ಕೊಂದು ಕಾರಣವೂ ಸಿಕ್ಕಿತು.

ಮೂರು ದಿನ ಕಂಬದ ಮುಂದೆ ಹೊಸ ಕೈ ಪಳಗಿಸಿದೆ. ಫೆಬ್ರವರಿ 17ಕ್ಕೆ ಮೊದಲ ಸಲ ಎಡಗೈಯವಳಾಗಿ ಅವಳೆದುರು ನಿಂತೆ. ಅಂದೇ ಕೋಚ್‌ಗೆ ರಿಸರ್ವಿಸ್ಟ್ ಶುರು, ಇಲ್ಲಿನ ಗಂಡಸರಿಗೆ ಕಡ್ಡಾಯವಾದ ಎರಡು ವಾರದ ಸೈನ್ಯದ ಕ್ಯಾಂಪ್. ಹೊರಡುವ ಮೊದಲು ನನಗೆ ಹೇಳಿದ್ದರು: “ಲೆಕ್ಕ ಹೇಗೂ ಇಡ್ತೀಯ. ದಿನಾ ಸಂಜೆ ಮೆಸೇಜ್ ಮಾಡು.”

ಅಂದು ಅವಳ ಬಲೆ ಬಿದ್ದದ್ದು ಇಪ್ಪತ್ತರಲ್ಲಿ ಎಂಟು. ಮಾರನೆ ದಿನ ಏಳು. ಮತ್ತೆ ಏಳು, ಆರು, ಆರು.

ಅವಳಿಗೆ ಯಾಕೆಂದು ತಿಳಿಯಲಿಲ್ಲ. ನನಗೆ ಮೊದಲ ದಿನವೇ ತಿಳಿಯಿತು. ನಾನು ಪ್ರತಿ ಎಸೆತಕ್ಕೂ ಬಲೆ ಎಲ್ಲಿ ಬಿತ್ತು, ಅವಳ ಕಾಲು ಎಲ್ಲಿತ್ತು ಎಂದು ಚಿಕ್ಕ ಚಿತ್ರ ಬರೆಯುತ್ತಿದ್ದೆ. ಐದು ವಾರ ಅವಳು ಬಲಗೈ ಕತ್ತಿಯಿಂದ ದೂರ ಸರಿಯಲು ತನ್ನ ಬಲಕ್ಕೆ ಸುತ್ತಲು ಕಲಿತಿದ್ದಳು. ಈಗಲೂ ಬಲಕ್ಕೇ ಸುತ್ತುತ್ತಿದ್ದಳು. ಆದರೆ ಈಗ ಕತ್ತಿ ಇರುವುದೇ ಆ ಕಡೆ. ಸುತ್ತಿದಷ್ಟೂ ಕತ್ತಿಯ ಹತ್ತಿರ ಬರುತ್ತಾಳೆ, ಗಾಬರಿಯಾಗಿ ಬೇಗ ಎಸೆಯುತ್ತಾಳೆ, ಬಲೆ ಪೂರ್ತಿ ಬಿಚ್ಚಿಕೊಳ್ಳದೆ ನನ್ನ ಗುರಾಣಿಯ ಮುಂದೆ ಬೀಳುತ್ತದೆ. ಎಡಕ್ಕೆ ಸುತ್ತಿದರೆ ಎಲ್ಲವೂ ಸರಿ. ನೋಟ್‌ಬುಕ್‌ನಲ್ಲಿ ‘ಯಾಕೆ’ ಎಂದು ಒಂದು ಕಾಲಂ ಎಳೆದು ಫೆಬ್ರವರಿ 17ರ ಎದುರು ಇದನ್ನೇ ಬರೆದೆ.

ಸಂಜೆ ಕೋಚ್‌ಗೆ ಕಳಿಸಿದ್ದು ಎಂಟು ಎಂಬ ಸಂಖ್ಯೆ ಮಾತ್ರ.

“ಅಕ್ಕ, ನಂಗೇನೋ ಆಗಿದೆ. ಕೈಯೇ ಬರ್ತಿಲ್ಲ” ಎಂದಳು ಬುಧವಾರ, ಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ನಲ್ಲಿ ತಟ್ಟೆ ಮುಂದೆ ಇಟ್ಟುಕೊಂಡು. ತಿನ್ನುತ್ತಿರಲಿಲ್ಲ.

“ಟೆನ್ಷನ್ ಮಾಡ್ಕೋಬೇಡ, ಅಭ್ಯಾಸ ಆಗತ್ತೆ” ಎಂದೆ.

“ನೀವು ಅಷ್ಟು ಬರೀತೀರಲ್ಲ, ಏನಾದ್ರೂ ಗೊತ್ತಾಯ್ತಾ?”

“ನೋಡ್ತಾ ಇದೀನಿ.”

ಶುಕ್ರವಾರ ಕೋಚ್ ಉತ್ತರಿಸಿದರು: “ಆರು? ಹೀಗಾದ್ರೆ ಕಷ್ಟ. 28ಕ್ಕೆ ಬರ್ತೀನಿ. ಅವತ್ತು ಹತ್ತು ಬೀಳದಿದ್ರೆ ಅದಲುಬದಲು. ಬಲೆ ನಿನಗೆ, ಹೆಲ್ಮೆಟ್ ಅವಳಿಗೆ. ಪೋಸ್ಟರ್ ಮಾರ್ಚ್ 3ಕ್ಕೆ ಪ್ರಿಂಟ್‌ಗೆ ಹೋಗತ್ತೆ. ಅವಳಿಗೂ ಹೇಳಿದೀನಿ.”

ಆ ಮೆಸೇಜನ್ನು ಎಷ್ಟು ಸಲ ಓದಿದೆ ಎಂದು ಎಣಿಸಲಿಲ್ಲ. ಶನಿವಾರ ಮ್ಯಾನೇಜರ್‌ನಿಂದ ಬೀಗದ ಕೈ ಇಸಿದುಕೊಂಡು ಒಬ್ಬಳೇ ಹೋಗಿ ಎಡಗೈಯಲ್ಲಿ ಇಪ್ಪತ್ತು ಬಲೆ ಎಸೆದೆ. ಹನ್ನೆರಡು. ಬಲೆ ಗಾಳಿಯಲ್ಲಿ ದುಂಡಗೆ ಅರಳಿ ಕಂಬದ ಮೇಲೆ ಇಳಿಯುವುದನ್ನು ಹೆಲ್ಮೆಟ್ ಇಲ್ಲದ ಕಣ್ಣಿನಿಂದ ನೋಡಿದೆ. ಇನ್ನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇದು ನನ್ನದು.

ಸೋಮವಾರ ಐದು, ಮಂಗಳವಾರ ಆರು. ಎದುರು ನಿಂತಾಗ ಅವಳ ಮುಖ ಎರಡು ತೂತುಗಳಲ್ಲಿ ಪೂರ್ತಿ ಕಾಣುತ್ತಿತ್ತು. ತುಟಿ ಕಚ್ಚಿಕೊಂಡಿರುತ್ತಿದ್ದಳು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಹೆಲ್ಮೆಟ್‌ನ ಆ ಒಂದು ಅನುಕೂಲ ನನಗೆ ಆಗಲೇ ತಿಳಿದದ್ದು.

ಫೆಬ್ರವರಿ 26, ಬುಧವಾರ, ಮಧ್ಯಾಹ್ನ 3 ಗಂಟೆ 25. ಹದಿನೇಳನೇ ಎಸೆತ. ಅವಳು ಎಂದಿನಂತೆ ಬಲಕ್ಕೆ ಸರಿದಳು, ಬಲೆ ಗುರಾಣಿಯ ಮುಂದೆ ಬಿತ್ತು, ನಾನು ನುಗ್ಗಿದೆ. ಎಲ್ಲಿ ಬರುತ್ತಾಳೆಂದು ಮೊದಲೇ ಗೊತ್ತಿದ್ದರಿಂದ ವೇಗ ತಗ್ಗಿಸಲಿಲ್ಲ. ಬಲೆಗಾರನಿಗೆ ಹೆಗಲ ತಗಡು ಇರುವುದು ಎಡಭುಜದ ಮೇಲೆ ಮಾತ್ರ. ಬಲಭುಜ ಬರಿದು. ಸೀಸ ತುಂಬಿದ ಮರದ ಕತ್ತಿ ಅವಳ ಬಲ ಕೊರಳೆಲುಬಿನ ಮೇಲೆ ಬಿತ್ತು. ಹೆಲ್ಮೆಟ್‌ನ ಒಳಗೂ ಕೇಳುವಷ್ಟು ಸದ್ದಾಯಿತು. ಅವಳು ಮೊಣಕಾಲೂರಿ ಕುಸಿದಳು.

ಹುಡುಗರು ಐಸ್ ತಂದರು. ಕ್ಲಿನಿಕ್‌ಗೆ ಕರೆದೊಯ್ದೆವು. ಎಲುಬು ಮುರಿದಿರಲಿಲ್ಲ. ಟ್ಯಾಕ್ಸಿಯಲ್ಲಿ ಅವಳು ಹೇಳಿದಳು, “ನಂದೇ ತಪ್ಪು ಅಕ್ಕ, ನಾನೇ ಅಡ್ಡ ಬಂದೆ. ಕೋಚ್‌ಗೆ ಹೇಳ್ಬೇಡಿ ಪ್ಲೀಸ್. ಶುಕ್ರವಾರ ಎಸೆಯಕ್ಕೇ ಬಿಡಲ್ಲ ಅವರು.”

ಮನೆಗೆ ಬಂದು ನೋಟ್‌ಬುಕ್ ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ಹೊರಬಂದಾಗ ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಿದ್ದರು. ಅಪ್ಪ ಜುರಾಂಗ್ ಐಲ್ಯಾಂಡ್‌ನ ಒಂದು ಸ್ಥಾವರದಲ್ಲಿ ಸುರಕ್ಷತಾ ಎಂಜಿನಿಯರ್. ತಾರೀಖು ಹಾಕಿ ಬರೆಯುವ ಅಭ್ಯಾಸ ನನಗೆ ಬಂದದ್ದೇ ಅವರಿಂದ. ಕಂಪನಿ ಬಸ್ಸಿನಿಂದ ಇಳಿದು ಬಂದವರು ಶೂ ಕೂಡ ಬಿಚ್ಚಿರಲಿಲ್ಲ.

“ಈ ಚಿತ್ರಗಳು ಚೆನ್ನಾಗಿವೆ ಕಣೇ. ‘ಬಲಕ್ಕೆ ಸುತ್ತಿದರೆ ಕತ್ತಿಯ ದಾರಿ’. ಇದನ್ನ ಆ ಹುಡುಗಿ ನೋಡಿದಾಳಾ?”

“ಇಲ್ಲ.”

“ಕೋಚ್?”

“ಇಲ್ಲ.”

ಅಪ್ಪ ಪುಟ ತಿರುಗಿಸಿದರು. 17ರಿಂದ ಇವತ್ತಿನವರೆಗೆ ಬಂದರು. ಇವತ್ತಿನ ಎದುರು ‘ಬಲ ಕೊರಳೆಲುಬು, ಐಸ್, ಕ್ಲಿನಿಕ್’ ಎಂದಿತ್ತು.

“ನಮ್ಮಲ್ಲಿ ಯಾರಾದ್ರೂ ವಾಲ್ವ್ ಸೋರ್ತಿದೆ ಅಂತ ನೋಡಿ, ಬರೆದು, ಡ್ರಾಯರ್‌ನಲ್ಲಿ ಇಟ್ಕೊಂಡ್ರೆ ನಾನು ಅವರನ್ನ ಏನು ಕೇಳ್ತೀನಿ ಗೊತ್ತಾ? ಯಾರಿಗೋಸ್ಕರ ಬರೆದೆ ಅಂತ.” ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. “ಊಟಕ್ಕೆ ಬಾ.”

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ರಾತ್ರಿ ಕೂತು ಎಲ್ಲ ಕೂಡಿಸಿದೆ: ಎಂಟು ಅಭ್ಯಾಸದ ದಿನ, ನೂರ ಅರವತ್ತು ಎಸೆತ, ಬಿದ್ದದ್ದು ಐವತ್ತು. ಕೊನೆಯ ಮೂರನ್ನು ಅವಳು ಎಸೆದಿರಲಿಲ್ಲ, ನಾನೇ ಬೀಳದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಎಣಿಕೆಯಲ್ಲಿ ನಾನು ಎಂದೂ ಮೋಸ ಮಾಡಿದವಳಲ್ಲ. ಮೂರನ್ನು ಹೊಡೆದುಹಾಕಿ ನೂರ ಐವತ್ತೇಳು ಎಂದು ತಿದ್ದಿದೆ.

ಗುರುವಾರ ಬೆಳಗ್ಗೆ 7 ಗಂಟೆ 40ಕ್ಕೆ ಪುಂಗೋಲ್‌ನಲ್ಲಿ ಅವಳ ಬ್ಲಾಕ್‌ನ ನೆಲಮಹಡಿಯ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ ಕಾದೆ. ಕೆಳಗೆ ಬಂದವಳಿಗೆ ಕಲ್ಲುಬೆಂಚಿನ ಮೇಲೆ ನೋಟ್‌ಬುಕ್ ಬಿಚ್ಚಿ ತೋರಿಸಿದೆ. ನಿಂತು, ನಡೆದು ತೋರಿಸಿದೆ, ನನ್ನ ಕತ್ತಿ ಇಲ್ಲಿ, ನೀನು ಈ ಕಡೆ ಸುತ್ತು, ಗುರಾಣಿಯ ಹಿಂದೆ ನಾನು ತಿರುಗುವವರೆಗೆ ಎಸೆಯಬೇಡ. ಅವಳಿಗೆ ಕೂಡಲೇ ಅರ್ಥವಾಯಿತು. “ಓ!” ಎಂದು ಎಡಕ್ಕೆ ಎರಡು ಹೆಜ್ಜೆ ಹಾಕಿದಳು, ನಕ್ಕಳು. “ಅಕ್ಕ, ಇಷ್ಟೇನಾ!”

ಆಮೇಲೆ ಪುಟದ ಮೇಲಿನ ತಾರೀಖು ನೋಡಿದಳು.

“ಇದು ಹದಿನೇಳನೇ ತಾರೀಖಿಂದು.”

“ಹೌದು.”

“ನಾನು ಕೇಳಿದ್ದು ಹತ್ತೊಂಬತ್ತಕ್ಕೆ.”

“ಹೌದು. ಬಲೆ ನಂಗೆ ಬೇಕಾಗಿತ್ತು.”

ಅವಳು ಬಲಭುಜ ಮುಟ್ಟಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. “ಬನ್ನಿ, ಹೊತ್ತಾಯ್ತು” ಎಂದು ಎಂಆರ್‌ಟಿ ರೈಲು ನಿಲ್ದಾಣದ ಕಡೆ ನಡೆದಳು.

ಗುರುವಾರ ಅವಳು ಹೆಜ್ಜೆ ಮಾತ್ರ ಅಭ್ಯಾಸ ಮಾಡಿದಳು, ಬಲೆ ಎಸೆಯಲಿಲ್ಲ. 28ರಂದು ಕೋಚ್ ಕ್ಯಾಂಪ್‌ನಿಂದ ನೇರ ಬಂದರು, ತಲೆಗೂದಲು ನುಣ್ಣಗೆ ಕತ್ತರಿಸಿಕೊಂಡು. ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಅವಳು ಎಸೆದಳು. ಎಡಕ್ಕೆ ಸುತ್ತಿದಳು, ಕಾದಳು, ಎಸೆದಳು. ನಾನು ಒಂದು ಸಲವೂ ವೇಗ ತಗ್ಗಿಸಲಿಲ್ಲ, ಅವಳೂ ಅದನ್ನು ಬಯಸಿರಲಿಕ್ಕಿಲ್ಲ. ಇಪ್ಪತ್ತರಲ್ಲಿ ಹದಿಮೂರು.

“ಬುಧವಾರ ಐದು, ಇವತ್ತು ಹದಿಮೂರು. ಏನಾಯ್ತು ಲಾ?”

ಅವಳು ಬಲೆ ಮಡಿಸತೊಡಗಿದಳು. ನಾನು ಹೆಲ್ಮೆಟ್ ತೆಗೆದು ಹೇಳಿದೆ. ಹತ್ತು ದಿನದ್ದನ್ನೂ, ಭುಜದ್ದನ್ನೂ.

“ರೋಮ್‌ನಲ್ಲಿ ಎದುರಾಳಿಗಳಾಗೋ ಇಬ್ಬರು ಒಂದೇ ಶಾಲೆಯವರೂ ಆಗಿರ್ತಿದ್ರು. ಒಂದೇ ಅಂಗಳ, ಒಂದೇ ಬಾರ್ಲಿ. ಇವನ ಕಾಲು ಎಲ್ಲಿ ತಪ್ಪತ್ತೆ ಅಂತ ಅವನಿಗೆ ಗೊತ್ತಿರತ್ತೆ. ಹೇಳಿದ್ರೆ ನಾಳೆ ತಾನೇ ಸಾಯಬಹುದು. ಅವನಿಗೆ ಸುಮ್ಮನಿರಕ್ಕೆ ಕಾರಣ ಇತ್ತು.” ನನ್ನ ಕಡೆ ನೋಡಿದರು. “ನಿನಗೆ ಪೋಸ್ಟರ್ ಮಾತ್ರ ಇತ್ತು.”

ಬಲೆ ಅವಳಿಗೇ ಉಳಿಯಿತು. ಪೋಸ್ಟರ್‌ನಲ್ಲಿ ಅವಳ ಮುಖ ಬಂತು. ಅಮ್ಮ ಒಂದು ಪ್ರತಿ ತಂದು ಫ್ರಿಜ್‌ಗೆ ಅಂಟಿಸಿದರು. ಹೊಟ್ಟೆಯುರಿ ಹೋಯಿತೇ ಎಂದರೆ, ಇಲ್ಲ. ಹಾಲು ತೆಗೆಯುವಾಗಲೆಲ್ಲ ಇತ್ತು.

ಮಾರ್ಚ್ 15ರಿಂದ 23ರವರೆಗೆ ಪ್ರದರ್ಶನ. ಬಲೆಯ ಎಸೆತದ ಫಲವನ್ನು ಕೋಚ್ ಮೊದಲೇ ಗೊತ್ತುಮಾಡದೆ ನಿಜದ ಆಟಕ್ಕೇ ಬಿಟ್ಟರು. ಬಲೆ ಬಿದ್ದರೆ ಅವಳು ಗೆದ್ದಂತೆ, ಬೀಳದಿದ್ದರೆ ನಾನು. ಮಕ್ಕಳು ಹೆಬ್ಬೆರಳು ಮೇಲೆ ಕೆಳಗೆ ಮಾಡಿ ಕೂಗುವರು. ಹೆಬ್ಬೆರಳನ್ನು ಯಾವ ಕಡೆ ತಿರುಗಿಸಿದರೆ ಸಾವು, ಯಾವ ಕಡೆ ಉಳಿವು ಎಂದು ಯಾರಿಗೂ ಖಚಿತವಿಲ್ಲ ಎಂದು ಕೋಚ್ ಪ್ರತಿ ಸಲ ಹೇಳಿದರೂ ಬಿಡರು. ಹದಿನೇಳು ಪ್ರದರ್ಶನ ಮುಗಿದಾಗ ಅವಳಿಗೆ ಹತ್ತು, ನನಗೆ ಏಳು. ಇನ್ನೊಂದು ಎಣಿಕೆಯನ್ನೂ ಇಟ್ಟಿದ್ದೆ. ಪುಂಗೋಲ್‌ನ ಆ ಬೆಳಗಿನ ನಂತರ ಅವಳು ನನ್ನನ್ನು ಅಕ್ಕ ಎಂದದ್ದು ಸೊನ್ನೆ ಸಲ. ಜಗಳವಿಲ್ಲ. “ಗುರಾಣಿ ಕೊಡಿ”, “ಶುರು ಮಾಡೋಣ”, ಅಷ್ಟೇ ಮಾತು.

ಮಾರ್ಚ್ 23, ಭಾನುವಾರ, ಸಂಜೆ 4 ಗಂಟೆ 50, ಹದಿನೆಂಟನೆಯದು. ಅವಳು ಎಡಕ್ಕೆ ಸುತ್ತಿ ಕಾದು ಎಸೆದಳು. ಬಲೆ ನನ್ನ ಮೇಲೆ ಪೂರ್ತಿ ಇಳಿಯಿತು. ಈಗ ಅವಳು ಹಗ್ಗ ಜಗ್ಗಬೇಕು, ನಾನು ಮೊಣಕಾಲೂರಬೇಕು. ಹಗ್ಗ ನನ್ನ ಕಣಕಾಲಿಗೆ ಸುತ್ತಿಕೊಂಡಿರುವುದು ನನಗೆ ಗೊತ್ತಿರಲಿಲ್ಲ, ಪಾದ ಕಾಣುವುದಿಲ್ಲವಲ್ಲ. ಜಗ್ಗಿದ್ದರೆ ಮೂರು ಕಿಲೋ ಎಂಟುನೂರು ಗ್ರಾಂ ಹೊತ್ತು ಮುಖದ ಮೇಲೆ ಬೀಳುತ್ತಿದ್ದೆ. ಅವಳು ಜಗ್ಗಲಿಲ್ಲ. ತ್ರಿಶೂಲ ಊರಿ ಹತ್ತಿರ ಬಂದಳು. ಮಕ್ಕಳ ಕಿರುಚಾಟದ ನಡುವೆ ಹೆಲ್ಮೆಟ್‌ನ ತೂತಿನ ಬಳಿ ಅವಳ ದನಿ ಕೇಳಿತು.

“ಎಡಗಾಲು ಎತ್ತಿ, ಅಕ್ಕ.”

ಎತ್ತಿದೆ. ಹಗ್ಗ ಬಿಡಿಸಿಕೊಂಡಿತು. ಮೊಣಕಾಲೂರಿ, ಸೋತ ಗ್ಲಾಡಿಯೇಟರ್ ಮಾಡುತ್ತಿದ್ದಂತೆ ತೋರುಬೆರಳು ಮೇಲೆತ್ತಿದೆ. ಎಡಗೈಯ ಬೆರಳು. ಅಂದು ಸೊನ್ನೆಯನ್ನು ಹೊಡೆದು ಒಂದು ಎಂದು ಬರೆದೆ.

ನೋಟ್‌ಬುಕ್ ಬಹುಪಾಲು ತುಂಬಿದೆ. ಒಂದು ಪ್ರಶ್ನೆಯ ಮುಂದೆ ಮಾತ್ರ ‘ಯಾಕೆ’ ಕಾಲಂ ಖಾಲಿ ಇದೆ. ರೋಮ್‌ನ ಶಾಲೆಗಳಲ್ಲಿ ಒಂದೊಂದು ಶೈಲಿಗೂ ಬೇರೆ ಬೇರೆ ಗುರುಗಳಿದ್ದರು, ಕಂಬದ ಅಭ್ಯಾಸವಿತ್ತು, ಹಂತಗಳಿದ್ದವು ಎಂಬುದಕ್ಕೆ ಆಧಾರ ಸಿಕ್ಕಿತು. ಆದರೆ ಹೊಸದಾಗಿ ಬಂದವನಿಗೆ ನೀನು ಬಲೆ, ನೀನು ಹೆಲ್ಮೆಟ್ ಎಂದು ಹೇಳುತ್ತಿದ್ದವರು ಯಾರು, ಏನು ನೋಡಿ ಹೇಳುತ್ತಿದ್ದರು ಎಂದು ವಿವರಿಸುವ ಬರಹ ನನಗೆ ಎಲ್ಲೂ ಸಿಗಲಿಲ್ಲ. ಶಾಸನಗಳಲ್ಲಿ ಎಡಗೈಯವರೆಂದು ಗುರುತಿಸಿದ ಆ ಕೆಲವರು ಹುಟ್ಟಿನಿಂದಲೇ ಹಾಗಿದ್ದರೋ, ಶಾಲೆಯಲ್ಲಿ ಯಾರಾದರೂ ಕೈ ಬದಲಾಯಿಸಿದರೋ, ಅದೂ ತಿಳಿಯಲಿಲ್ಲ. ಲ್ಯಾಟಿನ್ ಬಲ್ಲವರು, ಶಾಸನ ಓದಿದವರು, ಇದರ ಬಗ್ಗೆ ಹೆಚ್ಚು ಗೊತ್ತಿರುವ ಯಾರೇ ಇದ್ದರೂ ದಯವಿಟ್ಟು ಸಂಪಾದಕರ ಮೂಲಕ ನನಗೆ ಬರೆಯಿರಿ. ಮೊದಲ ದಿನ ಅವರನ್ನು ಯಾರಾದರೂ ‘ಯಾವ ಕೈ’ ಎಂದು ಕೇಳಿದ್ದರೇ? ಅವರು ಏನೆಂದು ಉತ್ತರಿಸಿದ್ದರು?